ನೇರವಾದ ಕೂದಲಿಗೆ ಮತ್ತೆ ಇಸ್ತ್ರಿ ಏಕೆ?

ಕೊಪ್ಪಳ ನಗರಕ್ಕೆ ಅಂಟಿಕೊಂಡಂತಿರುವ ಭಾಗ್ಯನಗರದಲ್ಲಿ ಕೂದಲಿಗೆ ಬೆಲೆಯಿದೆ. ಮನೆಮನೆಯ ಹಣಿಗೆಯಲ್ಲಿ ಉಳಿದ ಕೂದಲಿನ ಉಂಡೆಗಳು ಚೀಲಗಟ್ಟಲೆ ಈ ಊರಿಗೆ ಬರುತ್ತವೆ. ಇಲ್ಲಿನ ಹೆಣ್ಣುಮಕ್ಕಳು ಅವುಗಳ ಸಿಕ್ಕು ಬಿಡಿಸುತ್ತಾರೆ. ತೊಳೆದು, ಬಾಚಿ, ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ಕಟ್ಟು ಕಟ್ಟುತ್ತಾರೆ. ನಾವು ಮೂಲೆಗೆಸೆದ ಕೂದಲು ಹೀಗೆ ಸಂಸ್ಕರಣೆಗೊಂಡು ವಿಗ್ಗು, ಚೌರಿಗಳ ಕಚ್ಚಾವಸ್ತುವಾಗಿ ದೇಶದ ಗಡಿಯನ್ನೂ ದಾಟುತ್ತದೆ. ಇದು ಎಂಥ ಸರಕು ಎಂದರೆ, 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಮಾನವ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿ ಪರವಾನಗಿ ಕಡ್ಡಾಯ ಮಾಡಿತು.

ಈ ವ್ಯಾಪಾರದ ಲೆಕ್ಕ ಸರಳ. ಕೂದಲು ಉದ್ದವಾಗಿದ್ದಷ್ಟೂ ಬೆಲೆ ಹೆಚ್ಚು. ತುಂಡಾದ, ಒರಟಾದ ಕೂದಲನ್ನು ಕೇಳುವವರು ಕಡಿಮೆ. ಭಾಗ್ಯನಗರದವರು ಚೆನ್ನಾಗಿ ಬಲ್ಲ ಈ ಲೆಕ್ಕ, ಕನ್ನಡಿಯ ಮುಂದೆ ನಿಂತ ನಮ್ಮ ಕಾಲೇಜು ಹುಡುಗಿಯರಿಗೆ ಮಾತ್ರ ನೆನಪಾಗುವುದಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆಯೂ ಈಗ ಬ್ಯೂಟಿ ಪಾರ್ಲರ್‌ಗಳಿವೆ. ಸ್ಟ್ರೇಟ್ನಿಂಗ್, ಸ್ಮೂದ್ನಿಂಗ್, ರೀಬಾಂಡಿಂಗ್, ಕೆರಾಟಿನ್ ಎಂಬ ಪದಗಳನ್ನು ಹಳ್ಳಿಯಿಂದ ಬಸ್ಸು ಹತ್ತಿ ಬರುವ ಹುಡುಗಿಯರೂ ಸಲೀಸಾಗಿ ಆಡುತ್ತಾರೆ. ಅಕ್ಕನ ಮದುವೆ, ಕಾಲೇಜಿನ ಗ್ಯಾದರಿಂಗ್, ಪಿಯುಸಿ ಮುಗಿದ ಸಂಭ್ರಮ ಹೀಗೆ ಏನಾದರೊಂದು ನೆಪದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಗುಂಗುರು ಕೂದಲನ್ನು ನೆಟ್ಟಗೆ ಮಾಡಿಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಶುರುವಾಗುವುದು ಆಮೇಲೆ. ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಬುಡದಲ್ಲಿ ಹೊಸ ಕೂದಲು ತನ್ನ ಹುಟ್ಟುಗುಣದಂತೆ ಗುಂಗುರಾಗಿಯೇ ಬೆಳೆಯತೊಡಗುತ್ತದೆ. ಅದನ್ನು ಮುಚ್ಚಲು ಒಂದು ಸ್ಟ್ರೇಟ್ನರ್ ಮನೆಗೆ ಬರುತ್ತದೆ. ಬೆಳಿಗ್ಗೆ ಎದ್ದು ತಲೆ ಎರೆದುಕೊಂಡು, ಅರ್ಧಂಬರ್ಧ ಒಣಗಿದ ಕೂದಲಿಗೆ ಬುಡದಿಂದ ತುದಿಯವರೆಗೆ ಬಿಸಿ ಇಸ್ತ್ರಿ ಎಳೆಯುವುದು ನಿತ್ಯದ ರೂಢಿಯಾಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ತುದಿಯ ಕೂದಲು ಆಗಲೇ ನೆಟ್ಟಗಿದೆ. ಅದಕ್ಕೆ ಇಸ್ತ್ರಿಯೇ ಬೇಕಿಲ್ಲ. ಆದರೂ ಪ್ರತಿದಿನದ ಬಿಸಿ ಬೀಳುವುದು ಆ ತುದಿಯ ಮೇಲೆಯೇ. ರಾಸಾಯನಿಕ ತಾಗಿಸಿಕೊಂಡ ಕೂದಲು ಹಾಳಾಗುವ ಬಗೆ ಇದು.

ಕೂದಲಿನೊಳಗೆ ಆಗುವುದೇನು?

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಹೊರಮೈ ಮನೆಯ ಮಾಡಿಗೆ ಹೊದಿಸಿದ ಹಂಚಿನಂತೆ ಒಂದರ ಮೇಲೊಂದು ಕುಳಿತ ತೆಳು ಪೊರೆಗಳಿಂದ ಆಗಿದೆ. ಈ ಹಂಚುಗಳೆಲ್ಲ ತುದಿಯ ಕಡೆ ಮುಖ ಮಾಡಿ ಒತ್ತಾಗಿ ಕೂತಿದ್ದರೆ ಕೂದಲು ಹೊಳೆಯುತ್ತದೆ. ಎದ್ದುನಿಂತರೆ ಒರಟಾಗುತ್ತದೆ, ಸಿಕ್ಕಾಗುತ್ತದೆ.

ಒಳಗೆ ಕೂದಲಿನ ಆಕಾರವನ್ನು ಹಿಡಿದಿಡುವ ಬಂಧಗಳಲ್ಲಿ ಎರಡು ಮುಖ್ಯ. ಒಂದು, ಹೈಡ್ರೋಜನ್ ಬಂಧ. ಇದು ನೀರಿಗೂ ಬಿಸಿಗೂ ಸುಲಭವಾಗಿ ಸಡಿಲವಾಗಿ, ಒಣಗಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಸ್ಟ್ರೇಟ್ನರ್ ಎಳೆದಾಗ ಬದಲಾಗುವುದು ಇದು. ಆದ್ದರಿಂದಲೇ ತಲೆಗೆ ನೀರು ಬಿದ್ದ ಕೂಡಲೇ ಇಸ್ತ್ರಿಯ ಮಾಟ ಹೋಗಿಬಿಡುತ್ತದೆ. ಇನ್ನೊಂದು, ಗಂಧಕದ ಬಂಧ. ಇದು ಬಲು ಗಟ್ಟಿ. ಕೂದಲು ಸುಟ್ಟಾಗ ಮೂಗಿಗೆ ಬಡಿಯುವ ನಾತದಲ್ಲಿ ಈ ಗಂಧಕದ್ದೂ ಪಾಲಿದೆ.

ರೀಬಾಂಡಿಂಗ್ ಅಥವಾ ಸ್ಟ್ರೇಟ್ನಿಂಗ್ ಮಾಡುವಾಗ ಹಚ್ಚುವ ಕ್ರೀಮು ಕೈ ಹಾಕುವುದು ಈ ಗಂಧಕದ ಬಂಧಕ್ಕೆ. ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕ ಬಂಧವನ್ನು ಕಡಿಯುತ್ತದೆ. ಬಳಿಕ ಕಾದ ಇಸ್ತ್ರಿಯಿಂದ ಕೂದಲನ್ನು ನೆಟ್ಟಗೆ ಮಾಡುತ್ತಾರೆ. ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ಇನ್ನೊಂದು ಕ್ರೀಮಿನಿಂದ ಕಡಿದ ಬಂಧಗಳನ್ನು ಹೊಸ ಜಾಗದಲ್ಲಿ ಕೂಡಿಸುತ್ತಾರೆ. ಆದರೆ ಕಡಿದದ್ದೆಲ್ಲ ಮರಳಿ ಕೂಡುವುದಿಲ್ಲ. ಎಷ್ಟೇ ನಾಜೂಕಾಗಿ ಮಾಡಿದರೂ ಕೂದಲಿನ ಒಂದಿಷ್ಟು ಬಲ ಅಲ್ಲೇ ಕಳೆದುಹೋಗಿರುತ್ತದೆ.

ರಾಸಾಯನಿಕದಿಂದ ಕೂದಲು ನೆಟ್ಟಗೆ ಮಾಡುವ ವಿದ್ಯೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿದ್ದ ಗ್ಯಾರೆಟ್ ಮಾರ್ಗನ್ ಎಂಬ ಕಪ್ಪು ಜನಾಂಗದ ಸಂಶೋಧಕ 1913ರಲ್ಲಿ ಇಂಥ ಕ್ರೀಮು ಮಾರುವ ಕಂಪನಿ ತೆರೆದ. ಹೊಲಿಗೆ ಯಂತ್ರದ ಸೂಜಿಗೆಂದು ತಯಾರಿಸಿದ ದ್ರಾವಣ ಬಟ್ಟೆಯ ಜೂಲನ್ನು ನೆಟ್ಟಗೆ ಮಾಡಿದ್ದು ಕಂಡು ಅವನಿಗೆ ಈ ಯೋಚನೆ ಬಂತೆಂದು ಹೇಳುತ್ತಾರೆ. ಸಂಚಾರಿ ದೀಪದ ಒಂದು ಮಾದರಿಗೆ 1923ರಲ್ಲಿ ಪೇಟೆಂಟ್ ಪಡೆದವನೂ ಇವನೇ. ಅಲ್ಲಿನ ಕಪ್ಪು ಮಹಿಳೆಯರು ತಲೆಮಾರುಗಳಿಂದ ಇಂಥ ಕ್ರೀಮು ಬಳಸಿ ಕಲಿತ ಪಾಠವೊಂದಿದೆ: ಮತ್ತೆ ಕ್ರೀಮು ಹಚ್ಚುವುದಿದ್ದರೆ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಬೇಕು, ಹಳೆಯ ತುದಿಯನ್ನು ಮುಟ್ಟಬಾರದು. ಬಿಸಿಯ ವಿಷಯದಲ್ಲೂ ನಾವು ಹಿಡಿಯಬೇಕಾದ ದಾರಿ ಇದೇ.

ಉಬ್ಬುವ ರೊಟ್ಟಿ, ಉಬ್ಬುವ ಕೂದಲು

"ತಲಿ ಇನ್ನೂ ಹಸೀ ಐತಲ್ಲವ್ವಾ, ಆರಲಿ ತಡಿ" ಎಂದು ಅವ್ವ ಅಂದರೆ, "ಬಸ್ ಹೋಗ್ತೈತಿ ಬೇ, ಇಸ್ತ್ರಿ ಎಳದ್ರ ಅದ ಆರ್ತೈತಿ" ಎಂದು ಮಗಳು ಉತ್ತರಿಸುತ್ತಾಳೆ. ಈ ಜಗಳದಲ್ಲಿ ಗೆಲ್ಲಬೇಕಾದವಳು ಅವ್ವ. ಕಾರಣ ಅವಳ ಒಲೆಯ ಮೇಲೆಯೇ ಇದೆ.

ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುವುದು ಏಕೆ? ಹಿಟ್ಟಿನೊಳಗಿನ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ ಪದರನ್ನು ಎತ್ತುತ್ತದೆ. ಹಸಿ ಕೂದಲಿಗೆ ಸ್ಟ್ರೇಟ್ನರ್ ಹಿಡಿದಾಗ ನಡೆಯುವುದೂ ಇದೇ. ಎಳೆಯೊಳಗಿನ ನೀರು ಒಮ್ಮೆಲೇ ಆವಿಯಾಗಿ ಗುಳ್ಳೆಗಳೇಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಯ ಉದ್ದಕ್ಕೂ ಸಾಲು ಗುಳ್ಳೆಗಳು ಕಾಣುತ್ತವೆ. ಚರ್ಮವೈದ್ಯರು ಇದನ್ನು 'ಬಬಲ್ ಹೇರ್' ಎನ್ನುತ್ತಾರೆ. ಕೂದಲು ಸುರುಳಿ ಮಾಡುವ ಇಕ್ಕಳದ ಬಿಸಿ 125 ಡಿಗ್ರಿ ಸೆಲ್ಸಿಯಸ್ ಇದ್ದು, ಹಸಿ ಕೂದಲನ್ನು ಒಂದು ನಿಮಿಷ ಹಿಡಿದರೂ ಇಂಥ ಗುಳ್ಳೆ ಏಳಬಹುದೆಂದು ಪ್ರಯೋಗಗಳು ತೋರಿಸಿವೆ. ಮಾರುಕಟ್ಟೆಯ ಸ್ಟ್ರೇಟ್ನರ್‌ಗಳಲ್ಲಿ 200 ಡಿಗ್ರಿ ದಾಟುವಂಥವೂ ಇವೆ. ಉಬ್ಬಿದ ರೊಟ್ಟಿ ತಿನ್ನಲು ಚೆಂದ. ಉಬ್ಬಿದ ಕೂದಲು ಗುಳ್ಳೆಯಿದ್ದಲ್ಲೇ ಮುರಿಯುತ್ತದೆ.

ಇಸ್ತ್ರಿ ಎಳೆಯುವಾಗ 'ಚುರ್' ಎಂಬ ಸದ್ದು ಬಂದರೆ, ಆವಿ ಎದ್ದರೆ, ಕೂಡಲೇ ನಿಲ್ಲಿಸಿ. ಅದು ಎಚ್ಚರಿಕೆಯ ಗಂಟೆ.

ಹಣಿಗೆಯನ್ನು ಓದಿ ನೋಡಿ

ನಿಮ್ಮ ಕೂದಲು ಉದುರುತ್ತಿದೆಯೋ, ಮುರಿಯುತ್ತಿದೆಯೋ? ಎರಡೂ ಒಂದೇ ಅಲ್ಲ. ಹಣಿಗೆಯಲ್ಲಿ ಸಿಕ್ಕ ಎಳೆಗಳನ್ನು ಬಿಳಿ ಹಾಳೆಯ ಮೇಲೆ ಇಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಕಂಡರೆ ಅದು ಬುಡದಿಂದ ಉದುರಿದ ಕೂದಲು. ದಿನಕ್ಕೆ 50ರಿಂದ 100 ಎಳೆ ಹೀಗೆ ಉದುರುವುದು ಸಹಜ. ಗಂಟಿಲ್ಲದ, ಉದ್ದ ಗಿಡ್ಡ ಬೆರೆತ ತುಂಡುಗಳೇ ಹೆಚ್ಚಿದ್ದರೆ ಕೂದಲು ನಡುವೆ ಮುರಿಯುತ್ತಿದೆ ಎಂದರ್ಥ. ಉದುರುವುದಕ್ಕೆ ರಕ್ತಹೀನತೆ, ಜ್ವರ, ಥೈರಾಯ್ಡ್, ಊಟ ಬಿಡುವುದು ಇತ್ಯಾದಿ ಕಾರಣಗಳಿರಬಹುದು. ಅದಕ್ಕೆ ವೈದ್ಯರನ್ನು ಕಾಣಬೇಕು. ಮುರಿಯುವುದಕ್ಕೆ ಹೆಚ್ಚಾಗಿ ಕಾರಣ ನಮ್ಮ ಕೈಯೇ.

ಇನ್ನೊಂದು ಪರೀಕ್ಷೆ: ಒದ್ದೆಯಾದ ಒಂದು ಎಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ಮತ್ತೆ ಮೊದಲಿನಂತಾದರೆ ಕೂದಲಿನಲ್ಲಿ ಕಸುವಿದೆ. ಅಂಟಿನಂತೆ ಹಿಗ್ಗುತ್ತಲೇ ಹೋದರೆ ಅಥವಾ ಎಳೆದ ಕೂಡಲೇ ತುಂಡಾದರೆ ಕೆಲವು ತಿಂಗಳು ಇಸ್ತ್ರಿಯನ್ನು ಮುಟ್ಟಬೇಡಿ. ಹೊಸ ಬಣ್ಣವೂ ಬೇಡ, ಹೊಸ ಸ್ಟ್ರೇಟ್ನಿಂಗೂ ಬೇಡ.

ಇಸ್ತ್ರಿ ಹಿಡಿಯಲೇಬೇಕಾದರೆ

ಪೂರ್ತಿ ಬಿಡುವುದು ಎಲ್ಲರಿಂದಲೂ ಆಗದ ಮಾತು. ಬಳಸುವವರು ಈ ಕ್ರಮವನ್ನಾದರೂ ಅನುಸರಿಸಲಿ.

ರೀಬಾಂಡಿಂಗ್ ಆದ ಮೊದಲ ಎರಡು ವಾರ ಬಿಸಿ ಸಾಧನಗಳನ್ನು ದೂರವಿಡಿ. ಆಮೇಲೂ ವಾರಕ್ಕೆ ಒಮ್ಮೆಗಿಂತ ಹೆಚ್ಚು ಬೇಡ. ನಿತ್ಯದ ಕಾಲೇಜಿಗೆ ಸಡಿಲವಾದ ಹೆರಳು ಸಾಕು. ಹಬ್ಬ, ಮದುವೆ, ಸಮಾರಂಭಗಳಿಗೆ ಇಸ್ತ್ರಿ ಇರಲಿ.

ತಲೆ ಎರೆದುಕೊಂಡ ಮೇಲೆ ಒರಟು ಟವೆಲಿನಿಂದ ಗಸಗಸ ತಿಕ್ಕಬೇಡಿ. ಹಳೆಯ ಹತ್ತಿ ಸೀರೆಯ ತುಂಡಿನಿಂದ ಒತ್ತಿ ನೀರು ತೆಗೆಯಿರಿ. ಅಗಲ ಹಲ್ಲಿನ ಹಣಿಗೆಯಿಂದ ಮೊದಲು ತುದಿಯ ಸಿಕ್ಕು ಬಿಡಿಸಿ, ಮೆಲ್ಲಗೆ ಬುಡದ ಕಡೆ ಸಾಗಿ.

ಹೇರ್ ಡ್ರೈಯರ್ ಬಳಸುವುದಾದರೆ ಒಂದು ಗೇಣಿನಷ್ಟು ದೂರವಿರಲಿ, ಕೈ ಒಂದೆಡೆ ನಿಲ್ಲದೆ ಆಡುತ್ತಿರಲಿ. ಕೊರಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಡ್ರೈಯರ್ 15 ಸೆಂಟಿಮೀಟರ್ ದೂರವಿದ್ದಾಗ ಕೂದಲಿಗೆ ತಾಗಿದ ಬಿಸಿ 47 ಡಿಗ್ರಿ. 10 ಸೆಂಟಿಮೀಟರಿಗೆ ತಂದಾಗ 61 ಡಿಗ್ರಿ. 5 ಸೆಂಟಿಮೀಟರಿಗೆ ತಂದಾಗ 95 ಡಿಗ್ರಿ! ನಾಲ್ಕು ಬೆರಳು ಹತ್ತಿರ ತಂದರೆ ಬಿಸಿ ಇಷ್ಟು ಏರುತ್ತದೆ. ದೂರ ಹಿಡಿದು, ಆಡಿಸುತ್ತ ಒಣಗಿಸಿದರೆ ಹಾನಿ ಕಡಿಮೆ ಎಂದು ಅದೇ ಪ್ರಯೋಗ ಹೇಳಿತು.

ಕೂದಲು ಪೂರ್ತಿ ಆರಿದ ಮೇಲೆಯೇ ಸ್ಟ್ರೇಟ್ನರ್. ಅದಕ್ಕೆ ಮುನ್ನ 'ಹೀಟ್ ಪ್ರೊಟೆಕ್ಟೆಂಟ್' ಎಂದು ಬರೆದಿರುವ ಸ್ಪ್ರೇ ಅಥವಾ ಸೀರಮ್ಮನ್ನು ತೆಳುವಾಗಿ, ಎಲ್ಲ ಕಡೆ ಸಮನಾಗಿ ಹಚ್ಚಿ. ಒದ್ದೆ ಕೂದಲಿಗೆ ಹಚ್ಚಬೇಕೋ ಒಣ ಕೂದಲಿಗೋ ಎಂಬುದನ್ನು ಡಬ್ಬಿಯ ಮೇಲೆ ಓದಿಕೊಳ್ಳಿ. ಒದ್ದೆ ಕೂದಲಿಗಾದರೆ ಹಚ್ಚಿದ ಮೇಲೆ ಮತ್ತೆ ಪೂರ್ತಿ ಆರಿಸಬೇಕು. ಅದರಲ್ಲಿರುವ ಸಿಲಿಕೋನ್ ಕೂದಲಿನ ಮೇಲೆ ಪದರ ಕಟ್ಟಿ, ಬಿಸಿ ಒಮ್ಮೆಲೇ ಒಳನುಗ್ಗದಂತೆ ತಡೆಯುತ್ತದೆ. ಆದರೆ ಇದು ಕೊಡೆಯಂತೆ. ತುಂತುರು ಮಳೆಗೆ ಸಾಕು, ಜಡಿಮಳೆಗೆ ಸಾಲದು. ಹಚ್ಚಿದ್ದೇನೆಂದು 220 ಡಿಗ್ರಿಗೆ ಏರಿಸಿದರೆ ಫಲವಿಲ್ಲ.

ರಾಸಾಯನಿಕ ಕಂಡ ಕೂದಲಿಗೆ 150 ಡಿಗ್ರಿಯ ಆಸುಪಾಸು ಸಾಕು. 180 ದಾಟಲೇಬಾರದು. ಆದ್ದರಿಂದ ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿಯಿಲ್ಲದ ಅಗ್ಗದ ಯಂತ್ರ ಕೊಳ್ಳದಿರುವುದೇ ಮೇಲು. ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ, ಒಂದು ಭಾಗಕ್ಕೆ ಒಂದೇ ಸಲ, ಎಲ್ಲೂ ನಿಲ್ಲಿಸದೆ ಎಳೆಯಿರಿ. ಮುಖ್ಯವಾಗಿ, ಹೊಸದಾಗಿ ಬೆಳೆದ ಎರಡು ಮೂರು ಇಂಚಿನಷ್ಟು ಬುಡಕ್ಕೆ ಮಾತ್ರ ಎಳೆದು, ಆಗಲೇ ನೆಟ್ಟಗಿರುವ ತುದಿ ಬರುವ ಮುನ್ನ ಯಂತ್ರ ಬಿಡಿಸಿ. ನೆತ್ತಿಯ ಚರ್ಮಕ್ಕೆ ತಾಗದಂತೆ ಒಂದು ಬೆರಳು ಅಂತರವಿರಲಿ.

ಕೊಬ್ಬರಿ ಎಣ್ಣೆಯ ಮಾತು ಬಂದೇ ಬರುತ್ತದೆ. ಅವ್ವನ ಎಣ್ಣೆಗೆ ವಿಜ್ಞಾನದ ಬೆಂಬಲವೂ ಇದೆ. ಆರತಿ ರೆಲೆ ಮತ್ತು ಆರ್. ಬಿ. ಮೊಹಿಲೆ ಎಂಬ ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಲೆ ತೊಳೆಯುವ ಮುನ್ನ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ. ಸೂರ್ಯಕಾಂತಿ ಎಣ್ಣೆಗಾಗಲಿ ಖನಿಜ ತೈಲಕ್ಕಾಗಲಿ ಆ ಗುಣ ಕಾಣಲಿಲ್ಲ. ಆದರೆ ಎಣ್ಣೆಗೂ ಹೊತ್ತುಗೊತ್ತುಂಟು. ಸ್ನಾನಕ್ಕೆ ಮುನ್ನ ಹಚ್ಚಿ, ತೊಳೆದುಬಿಡಿ. ಎಣ್ಣೆ ಸವರಿದ ಕೂದಲಿಗೆ ಕಾದ ಇಸ್ತ್ರಿ ಹಿಡಿಯುವುದೆಂದರೆ ಬಾಣಲೆಯಲ್ಲಿ ಕರಿದಂತೆಯೇ ಸರಿ.

ನಮ್ಮ ನೀರು, ನಮ್ಮ ಬಿಸಿಲು

ಬೆಂಗಳೂರಿನ ಸೌಂದರ್ಯ ತಜ್ಞರು ಹೇಳುವ ಸಲಹೆ ನಮ್ಮ ಸೀಮೆಗೆ ಹಾಗೆಯೇ ಒಪ್ಪಬೇಕೆಂದಿಲ್ಲ. ಗಂಗಾವತಿ ಕಡೆ ತುಂಗಭದ್ರೆಯ ಕಾಲುವೆಯಿದೆ. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್‌ಗಳ ಆಸರೆಯೇ ಹೆಚ್ಚು. ಫ್ಲೋರೈಡ್ ಸಮಸ್ಯೆಗಾಗಿ ಹೆಸರಾದ ಈ ಭಾಗದ ಅಂತರ್ಜಲ ಅನೇಕ ಕಡೆ ಗಡಸು ಕೂಡ. ಸಾಬೂನು ತಿಕ್ಕಿದರೆ ನೊರೆ ಬರುವುದಿಲ್ಲ, ನೀರು ಕಾಯಿಸುವ ಹಂಡೆಯೊಳಗೆ ಬಿಳಿಯ ಪದರ ಕಟ್ಟುತ್ತದೆ. ಅದೇ ಸುಣ್ಣದಂಶ ಕೂದಲಿನ ಮೇಲೂ ಕೂತು ಒರಟು ಮಾಡುತ್ತದೆ. ರಾಸಾಯನಿಕದಿಂದ ಹಂಚು ಸಡಿಲವಾದ ಕೂದಲು ಇದನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಕೂದಲು ಒರಟಾಯಿತೆಂದು ಮತ್ತೆ ಇಸ್ತ್ರಿ, ಇಸ್ತ್ರಿಯಿಂದ ಮತ್ತೆ ಒರಟು. ಗಾಣದೆತ್ತಿನ ಸುತ್ತು ಇದು.

ಇದಕ್ಕೆ ದುಬಾರಿ ಉಪಾಯ ಬೇಕಿಲ್ಲ. ಸೌಮ್ಯ ಶಾಂಪೂವಿನಿಂದ ತೊಳೆದು, ತುದಿಗೆ ಕಂಡಿಷನರ್ ಹಚ್ಚಿ. ಕೊನೆಯ ಒಂದೆರಡು ತಂಬಿಗೆ ಮಾತ್ರ ಮಳೆ ನೀರು, ನದಿ ನೀರು ಅಥವಾ ಊರ ಶುದ್ಧ ಕುಡಿಯುವ ನೀರಿನ ಘಟಕದ ನೀರು ಹಾಕಿಕೊಳ್ಳಿ. ತಲೆಗೆ ಹಾಕುವ ನೀರು ಉಗುರು ಬೆಚ್ಚಗಿದ್ದರೆ ಸಾಕು.

ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲೂ ಒಂದು ಇಸ್ತ್ರಿಯೇ. ಸೂರ್ಯನ ಅತಿನೇರಳೆ ಕಿರಣಗಳು ಕೂದಲಿನ ಪ್ರೋಟೀನನ್ನು ಹಾಳುಮಾಡುತ್ತವೆ. ಬಸ್ ನಿಲ್ದಾಣದಲ್ಲಿ ಕಾಯುವಾಗ ತಲೆ ಮೇಲೆ ದುಪಟ್ಟಾ ಇರಲಿ. ಸ್ಕೂಟಿ ಓಡಿಸುವವರು ಕೂದಲು ಆರಿದ ಮೇಲೆ ಹೆಲ್ಮೆಟ್ ಹಾಕಿಕೊಳ್ಳಿ, ಕೆಳಗೊಂದು ಹತ್ತಿ ಬಟ್ಟೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಬೇಸಿಗೆ ಮುಗಿಯುವ ತನಕ ಸ್ಟ್ರೇಟ್ನರಿಗೆ ರಜೆ ಕೊಟ್ಟರೆ ಕೂದಲು ನಿಮ್ಮನ್ನು ಹರಸೀತು!

ಪಾರ್ಲರ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು

ಹಣ ಕೊಡುವವರು ನೀವು. ಕೇಳಲು ಸಂಕೋಚ ಬೇಡ. ಹಚ್ಚುವ ಕ್ರೀಮಿನ ಹೆಸರೇನು, ಅವಧಿ ಮೀರಿದೆಯೇ, ಮೊದಲು ಒಂದು ಎಳೆಯ ಮೇಲೆ ಪರೀಕ್ಷಿಸಿ ನೋಡುತ್ತೀರಾ ಎಂದು ಕೇಳಿ. ಹಿಂದೆ ಬಣ್ಣ ಅಥವಾ ಕಪ್ಪು ಮೆಹಂದಿ ಹಚ್ಚಿದ್ದರೆ ಮುಚ್ಚಿಡದೆ ಹೇಳಿ. ಎರಡನೇ ಸಲ ಮಾಡಿಸುವಾಗ ಬುಡಕ್ಕೆ ಮಾತ್ರ ಹಚ್ಚುವಂತೆ ಒತ್ತಾಯಿಸಿ.

'ಕೆರಾಟಿನ್ ಚಿಕಿತ್ಸೆ' ಎಂಬ ಹೆಸರು ಕೇಳಿ ಅದು ಕೂದಲಿಗೆ ಊಟ ಎಂದು ಭಾವಿಸಬೇಡಿ. ಇಂಥ ಕೆಲವು ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯಕಾರಿಯಲ್ಲ. ಈ ಆಮ್ಲವಿದ್ದ ಕ್ರೀಮಿನಿಂದ ಕೂದಲು ನೆಟ್ಟಗೆ ಮಾಡಿಸಿಕೊಂಡ 26 ವರ್ಷದ ಯುವತಿಯೊಬ್ಬಳ ಮೂತ್ರಪಿಂಡಕ್ಕೆ ಮೂರು ಸಲ ಪೆಟ್ಟಾದ ಪ್ರಕರಣವನ್ನು 2024ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪ್ರಕಟಿಸಿತು. ಕಣ್ಣುರಿ, ಕೆಮ್ಮು, ನೆತ್ತಿಯ ಉರಿ ಕಂಡರೆ "ಸ್ವಲ್ಪ ತಡೆದುಕೋ" ಎಂಬ ಮಾತಿಗೆ ಮಣಿಯದೆ ಕೂಡಲೇ ತೊಳೆಸಿಕೊಳ್ಳಿ. ಕಿಟಕಿ ಇಲ್ಲದ ಕೋಣೆಯಲ್ಲಿ ಈ ಕೆಲಸ ಮಾಡಿಸಲೇಬೇಡಿ. ದಿನವಿಡೀ ಆ ಹೊಗೆ ಕುಡಿಯುವ ಪಾರ್ಲರ್ ಹುಡುಗಿಯ ಆರೋಗ್ಯಕ್ಕೂ ಗಾಳಿ ಬೆಳಕು ಬೇಕು.

ತಂದೆ ತಾಯಿಗಳಿಗೆ ಒಂದು ಮಾತು

"ಓದೋದು ಬಿಟ್ಟು ಕೂದಲಾ ತಿದ್ದತೀಯೇನು?" ಎಂದು ಗದರಿದರೆ ಮಕ್ಕಳು ಸ್ಟ್ರೇಟ್ನರನ್ನು ಬಿಡುವುದಿಲ್ಲ, ಬಚ್ಚಿಡುತ್ತಾರೆ. ಹಾಸ್ಟೆಲಿನ ಕೋಣೆಯಲ್ಲಿ, ಒದ್ದೆ ಕೈಯಲ್ಲಿ, ಹಾಸಿಗೆಯ ಮೇಲೆ ಕಾದ ಯಂತ್ರ ಇಟ್ಟು ಅವಸರದಲ್ಲಿ ತಲೆ ಬಾಚುವುದು ಕೂದಲಿಗಿಂತ ಜೀವಕ್ಕೇ ಅಪಾಯ. ಬಳಸುವ ರೀತಿಯನ್ನು ಜೊತೆಗೆ ಕೂತು ಓದಿಕೊಳ್ಳಿ. ಗಂಡುಮಕ್ಕಳೂ ಇದರಿಂದ ಹೊರತಲ್ಲ. ಹಣೆಯ ಮೇಲಿನ ಕೂದಲಿಗೆ ದಿನಾಲೂ ಬಿಸಿ ಹಿಡಿಯುವ ಹುಡುಗರೂ ಇದ್ದಾರೆ.

ಜೊತೆಗೆ ಮನೆಯಲ್ಲಿ ನಾವಾಡುವ ಮಾತನ್ನೂ ಒಮ್ಮೆ ಕೇಳಿಸಿಕೊಳ್ಳಬೇಕು. ಗುಂಗುರು ಕೂದಲಿನ ಮಗುವನ್ನು "ಗೀಜಗನ ಗೂಡು" ಎಂದು ಹಂಗಿಸುತ್ತ ಬೆಳೆಸಿ, ಹದಿನೆಂಟಕ್ಕೆ ಅವಳು ಪಾರ್ಲರ್ ಬಾಗಿಲು ತಟ್ಟಿದಾಗ ಹೌಹಾರುವುದು ಯಾವ ನ್ಯಾಯ? ನೆಟ್ಟಗಿನ ಕೂದಲಷ್ಟೇ ಅಂದವೆಂಬ ಮಾತನ್ನು ಮಕ್ಕಳು ಟಿವಿಯಿಂದ, ಮೊಬೈಲಿನಿಂದ ಮಾತ್ರ ಕಲಿತದ್ದಲ್ಲ.

ಸುಟ್ಟ ಕೂದಲನ್ನು ಮತ್ತೆ ಮೊದಲಿನಂತೆ ಮಾಡುವ ಔಷಧವಿಲ್ಲ. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ, ಅದು ಗಾಯದಂತೆ ಮಾಯುವುದಿಲ್ಲ. ಸೀಳಿದ ತುದಿಯನ್ನು ಎರಡು ಮೂರು ತಿಂಗಳಿಗೊಮ್ಮೆ ಕತ್ತರಿಸುತ್ತ, ಹೊಸದು ಬೆಳೆಯುವವರೆಗೆ ಕಾಯುವುದೊಂದೇ ದಾರಿ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹೊಸ ಕೂದಲು ಬರುತ್ತಲೇ ಇರುತ್ತದೆ. ಪ್ರಥಮ ಪಿಯುಸಿ ಸೇರಿದ ದಿನ ಹುಟ್ಟಿದ ಎಳೆ, ದ್ವಿತೀಯ ಪಿಯುಸಿ ಪರೀಕ್ಷೆಯ ಹೊತ್ತಿಗೆ ಒಂದು ಗೇಣು ಬೆಳೆದಿರುತ್ತದೆ. ಅದನ್ನಾದರೂ ಬಿಸಿ ಕಬ್ಬಿಣಕ್ಕೆ ಒಪ್ಪಿಸುವ ಮುನ್ನ ಒಂದು ಗಳಿಗೆ ಯೋಚಿಸಿ.